ಲಾಗ್ ಬುಕ್ ಬರೆಯುವವರ ಹೆಸರು ಪೇಪರಿನಲ್ಲಿ ಯಾಕಿಲ್ಲ?

ನಮ್ಮ ಹೊಸ ಪೇಪರ್ ಹೊರಬಂದಿದೆ. ಗುಂಪಿನವರಿಗೆಲ್ಲ ಖುಷಿ. ಲೇಖಕರ ಪಟ್ಟಿ ನೋಡಿ ನನಗೆ ಬಂದ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ನಮ್ಮ ಡೇಟಾ ಪುಣೆ ಜಿಲ್ಲೆಯ ಖೋಡದ್‌ನ ಜಿಎಂಆರ್‌ಟಿ ಅನ್ನುವ ದೊಡ್ಡ ರೇಡಿಯೋ ಟೆಲಿಸ್ಕೋಪಿನದ್ದು. 45 ಮೀಟರ್ ಅಗಲದ 30 ಡಿಶ್‌ಗಳು. 14 ಸೆಂಟ್ರಲ್ ಸ್ಕ್ವೇರಿನಲ್ಲಿ, ಉಳಿದವು ಮೂರು ಆರ್ಮ್‌ಗಳ ಉದ್ದಕ್ಕೂ ಹೊಲ, ಊರುಗಳ ನಡುವೆ. ಡೇಟಾ ತೆಗೆದ ರಾತ್ರಿ ಶಿಫ್ಟಿನಲ್ಲಿದ್ದ ಆಪರೇಟರ್ ಬೆಳಗಾವಿ ಕಡೆಯವರು. ಕಂಟ್ರೋಲ್ ರೂಮಿನಲ್ಲಿ ಎಲ್ಲರ ಜೊತೆ ಮರಾಠಿ, ನನ್ನ ಜೊತೆ ಕನ್ನಡ.

ಒಂದು ಬರ್ಸ್ಟ್ ಕ್ಯಾಂಡಿಡೇಟ್, ಅಂದರೆ ಆಕಾಶದಿಂದ ಬಂದ ರೇಡಿಯೋ ಸ್ಫೋಟ ಇರಬಹುದಾದ ಸಿಗ್ನಲ್, ಸಿಕ್ಕಿತ್ತು. ಟೆಲಿಕಾನ್‌ನಲ್ಲಿದ್ದ ನಮ್ಮ ಗುಂಪಿನ ಹಿರಿಯರು ಆಗಲೇ ಎಟೆಲ್ (ಬೇರೆ ಖಗೋಳ ವಿಜ್ಞಾನಿಗಳಿಗೆ ತಕ್ಷಣ ಸುದ್ದಿ ಮುಟ್ಟಿಸುವ ಪ್ರಕಟಣೆ) ಕರಡು ಶುರು ಮಾಡಿದ್ದರು. ಬೇರೆಯವರು ಮೊದಲು ಹೇಳಿಬಿಟ್ಟರೆ ಅನ್ನುವ ಆತಂಕ. ಅಷ್ಟರಲ್ಲಿ ನಮ್ಮ ಆಪರೇಟರ್ ಮೆಲ್ಲಗೆ ಹೇಳಿದರು: "ಮೇಡಂ, ಸ್ವಲ್ಪ ತಡೀರಿ. ಇದು ಮ್ಯಾಲಿಂದ ಬಂದದ್ದಲ್ರೀ, ಕರೆಂಟ್ ಲೈನಿಂದು ಅನಸ್ತದ."

ವಾಟರ್‌ಫಾಲ್ ಪ್ಲಾಟ್ (ಯಾವ ಫ್ರೀಕ್ವೆನ್ಸಿ ಯಾವಾಗ ಬಂತು ಅಂತ ತೋರಿಸುವ ಚಿತ್ರ) ಹಿಗ್ಗಿಸಿದರು. ದೂರದ ಆಕಾಶದಿಂದ ಬಂದ ಬರ್ಸ್ಟ್ ಆದರೆ ಹೆಚ್ಚಿನ ಫ್ರೀಕ್ವೆನ್ಸಿ ಮೊದಲು, ಕಡಿಮೆಯದ್ದು ಆಮೇಲೆ ಬರಬೇಕು. ಇಲ್ಲಿ ಗೆರೆ ಹೆಚ್ಚುಕಮ್ಮಿ ನೆಟ್ಟಗೆ ನಿಂತಿತ್ತು. ಅದರ ಹಿಂದೆ ಮಸುಕಾದ ಸಣ್ಣ ಗೆರೆಗಳು. ಇವರು ಕರ್ಸರ್ ಇಟ್ಟು ಒಂದೊಂದರ ಅಂತರ ಅಳೆದರು. 10 ಮಿಲಿಸೆಕೆಂಡ್. ಮತ್ತೆ 10. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ವೋಲ್ಟೇಜ್ ಎರಡೂ ದಿಕ್ಕು ಸೇರಿ ಸೆಕೆಂಡಿಗೆ 100 ಸಲ ತುದಿಗೇರುತ್ತದೆ. ಸಡಿಲವಾದ ಕ್ಲ್ಯಾಂಪ್ ಇದ್ದರೆ ಅಷ್ಟೇ ಸಲ ಕಿಡಿ ಹಾರಬಹುದು. ಆಂಟೆನಾಗಳ ಸೆಲ್ಫ್ ಪವರ್ (ಪ್ರತಿ ಆಂಟೆನಾಗೆ ಬಂದ ಸಿಗ್ನಲ್ಲಿನ ಬಲ) ಒಂದೊಂದಾಗಿ ತೆರೆದರೆ, ಏರಿದ್ದು ವೆಸ್ಟ್ ಆರ್ಮ್‌ನಲ್ಲಿ ಮಾತ್ರ. ಆಕಾಶದ್ದಾಗಿದ್ದರೆ ಎಲ್ಲ ಡಿಶ್‌ಗಳಲ್ಲೂ ಕಾಣಬೇಕಿತ್ತಲ್ವಾ?

ಟೆಲಿಕಾನ್‌ನಲ್ಲಿ ಯಾರೂ ಮಾತಾಡಲಿಲ್ಲ. ಲಾಗ್ ಬುಕ್ ತೆಗೆದೆ. 'ಗಾಳಿ ಜೋರು, ವೆಸ್ಟ್ ಆರ್ಮ್ ಆರ್‌ಎಫ್‌ಐ' (ಆರ್‌ಎಫ್‌ಐ ಅಂದರೆ ಬೇಡದ ರೇಡಿಯೋ ಗದ್ದಲ) ಅಂತ ಸಂಜೆಯೇ ಅವರ ಕೈಬರಹದಲ್ಲಿತ್ತು. ಎಟೆಲ್ ಹೋಗಲಿಲ್ಲ. ಹೋಗಿದ್ದರೆ ಬೇರೆ ದೇಶಗಳ ಟೆಲಿಸ್ಕೋಪುಗಳೂ ಒಂದು ಕರೆಂಟ್ ಕಂಬದ ಕಿಡಿಗಾಗಿ ಆಕಾಶ ಹುಡುಕುತ್ತಿದ್ದವು.

ಆ ಗೆರೆಗಳನ್ನೇ ಹಿಡಿದು ನಮ್ಮ ವಿದ್ಯಾರ್ಥಿ ಇಂಥ ಗದ್ದಲ ಸೋಸುವ ಹೊಸ ಫಿಲ್ಟರ್ ಬರೆದ. ಈಗ ಬಂದಿರುವುದು ಅದೇ ಪೇಪರ್. ಅದರಲ್ಲಿ ಆಪರೇಟರ್ ಹೆಸರಿಲ್ಲ. ಕೊನೆಯಲ್ಲಿ 'ಟೆಲಿಸ್ಕೋಪ್ ಸಿಬ್ಬಂದಿಗೆ ಧನ್ಯವಾದ' ಅನ್ನುವ ಒಂದು ಸಾಲು. ಕೇಳಿದರೆ ಹಿರಿಯರು "ಅದು ಅವರ ಡ್ಯೂಟಿ ತಾನೇ" ಅಂದರು. ಡೇಟಾ ನೋಡುವುದು ನಮ್ಮ ಡ್ಯೂಟಿಯೂ ಹೌದು. ನಮಗೂ ಸಂಬಳ ಬರುತ್ತದೆ. ನಮ್ಮ ಹೆಸರು ಮಾತ್ರ ಮೇಲೆ.

ಇದು ಹಳೆಯ ರೋಗ. 1967ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಜೋಸೆಲಿನ್ ಬೆಲ್ ಉದ್ದುದ್ದ ಚಾರ್ಟ್ ಕಾಗದವನ್ನು ಕಣ್ಣಿಟ್ಟು ನೋಡುತ್ತಿದ್ದ ವಿದ್ಯಾರ್ಥಿನಿ. ಅದರಲ್ಲಿ ಒಂದು ಸಣ್ಣ ಗೀಚನ್ನು ಬಿಡದೆ ಹಿಡಿದರು. ಅದೇ ಮೊದಲ ಪಲ್ಸಾರ್ (ಲಯಬದ್ಧವಾಗಿ ರೇಡಿಯೋ ಮಿಡಿತ ಕಳಿಸುವ ನಕ್ಷತ್ರ). 1974ರ ನೊಬೆಲ್ ಅವರ ಗೈಡ್ ಆಂಟನಿ ಹ್ಯೂಯಿಶ್ ಮತ್ತು ಮಾರ್ಟಿನ್ ರೈಲ್ ಅವರಿಗೆ ಹೋಯಿತು. ಆದರೂ ಪಲ್ಸಾರ್ ಸುದ್ದಿ ಹೇಳಿದ 1968ರ ಪೇಪರಿನಲ್ಲಿ ಬೆಲ್ ಹೆಸರು ಎರಡನೆಯದಾಗಿ ಇತ್ತು. ನಮ್ಮ ಪೇಪರಿನಲ್ಲಿ ಅಷ್ಟೂ ಇಲ್ಲ.

ಉಪಕರಣದ ಜೊತೆ ರಾತ್ರಿ ಕಳೆಯುವವರಿಗೆ ಯಾವ ಸದ್ದು ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ. ಅದು ಫಿಸಿಕ್ಸೇ. ಪಿಎಚ್‌ಡಿ ಇಲ್ಲ ಅಂದ ಮಾತ್ರಕ್ಕೆ ಅದು ಬರೀ ಡ್ಯೂಟಿ ಆಗುವುದಿಲ್ಲ.

ಟೆಲಿಸ್ಕೋಪಿನ ಮುಂದಿನ ಸೈಕಲ್‌ನ ಪ್ರಪೋಸಲ್‌ಗೆ ನಾನೇ ಪಿಐ (ಮುಖ್ಯ ಸಂಶೋಧಕಿ). ಆಪರೇಟರನ್ನು ಕೇಳಿ, ಒಪ್ಪಿಸಿ, ಅವರ ಹೆಸರನ್ನು ಕೋ-ಐ (ಸಹ-ಸಂಶೋಧಕರ) ಸಾಲಿನಲ್ಲಿ ಹಾಕಿದ್ದೇನೆ. ಯಾಕೆ ಅಂತ ಹಿರಿಯರಿಂದ ಮೇಲ್ ಬಂತು. ಆ ಲಾಗ್ ಬುಕ್ ಪುಟದ ಫೋಟೋ ಕಳಿಸಿ, ಹೆಸರು ತೆಗೆಯುವುದಿಲ್ಲ ಅಂತ ಬರೆದಿದ್ದೇನೆ.