ಮೇಸ್ತ್ರಿ ಎದುರಿಗೆ ಹೇಳೋಕಾಗಲ್ಲ

ಆಸ್ಪತ್ರೆಯಲ್ಲಿ ಡಾಕ್ಟರಿಗೂ ರೋಗಿಗೂ ನಡುವೆ ಮಾತು ದಾಟಿಸುವವರಿಗೆ ಗೋಣಿಕೊಪ್ಪದಲ್ಲಿ ಒಂದು ದಿನ ತರಬೇತಿ ಇತ್ತು. ಕಲಿಸುವವರಲ್ಲಿ ನಾನೂ ಒಬ್ಬಳು. ಆಶಾ ಕಾರ್ಯಕರ್ತೆಯರು, ಹಾಡಿಯ ಯರವ ಬುಡಕಟ್ಟಿನ ಹುಡುಗಿಯರು, ಅಸ್ಸಾಮಿನಿಂದ ಬಂದು ಇಲ್ಲೇ ಉಳಿದ ಯುವಕ, ಕಾಫಿ ತೋಟದಲ್ಲಿ ಕೂಲಿಯವರ ಕೆಲಸ ನೋಡಿಕೊಳ್ಳುವ ಮೇಸ್ತ್ರಿಗಳು ಬಂದಿದ್ದರು. ಕೊಡಗಿನಲ್ಲಿ ಭಾಷೆಗೇನು ಬರ? ಕೊಡವ ತಕ್ಕ್, ಅರೆಭಾಷೆ, ಯರವ, ಜೇನುಕುರುಬರ ಮಾತು, ಮಲಯಾಳಂ. ಕಾಫಿ ಕುಯ್ಲಿನ ಹೊತ್ತಿಗೆ ಬಂಗಾಳಿ, ಅಸ್ಸಾಮಿ ಕೂಡ.

ನಿಯಮಗಳನ್ನು ಬೇಗ ಮುಗಿಸಿದೆವು. ರೋಗಿ 'ನನಗೆ ತಲೆ ಸುತ್ತುತ್ತೆ' ಅಂದರೆ ನೀವೂ 'ನನಗೆ' ಅಂತಲೇ ಹೇಳಿ. ಸೇರಿಸಬೇಡಿ, ಬಿಡಬೇಡಿ. ಒಳಗೆ ಕೇಳಿದ್ದು ಹೊರಗೆ ಹೋಗಬಾರದು. ಎಲ್ಲರೂ ತಲೆಯಾಡಿಸಿದರು.

ಆಮೇಲೆ ಅಭ್ಯಾಸ. ನಾನು ಡಾಕ್ಟರ್, ಯರವ ಹುಡುಗಿ ಕ್ಷಯದ ರೋಗಿ, ಮಾತು ದಾಟಿಸಲು ಒಬ್ಬ ಮೇಸ್ತ್ರಿ. ಕ್ಷಯದ ಮಾತ್ರೆ ಸಾಮಾನ್ಯವಾಗಿ 6 ತಿಂಗಳು. ಅದರಲ್ಲಿರುವ ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಮೊದಲೇ ಹೇಳದಿದ್ದರೆ ರೋಗಿ ಹೆದರಿ ಮಾತ್ರೆ ಬಿಟ್ಟುಬಿಡಬಹುದು. ಮೇಸ್ತ್ರಿ ಇದನ್ನು ಚೆನ್ನಾಗಿಯೇ ದಾಟಿಸಿದರು. ಅವರ ಯರವ ಭಾಷೆ ನೀರು ಕುಡಿದಷ್ಟು ಸಲೀಸು.

"ಕುಡಿಯೋ ಅಭ್ಯಾಸ ಇದೆಯಾ?" ಅಂತ ಕೇಳಿದೆ. ಈ ಮಾತ್ರೆಗಳ ಜೊತೆ ಕುಡಿದರೆ ಲಿವರ್‌ಗೆ ಜಾಸ್ತಿ ಅಪಾಯ. ಅವಳನ್ನು ಕೇಳದೆಯೇ ಮೇಸ್ತ್ರಿ ಅಂದರು, "ಇವ್ರೆಲ್ಲ ಕುಡೀತಾರೆ ಮೇಡಂ." ಹಾಲ್ ತುಂಬ ನಗು. ಹುಡುಗಿ ನಗಲಿಲ್ಲ. ಮುಟ್ಟು ನಿಂತಿದೆಯಾ ಅಂತ ಕೇಳಿದಾಗ ತಲೆ ತಗ್ಗಿಸಿ ಕೂತಳು. ಅದು ನಟನೆ ಅಂತ ನನಗನ್ನಿಸಲಿಲ್ಲ.

ಯಾಕಮ್ಮಾ ಅಂದರೆ ಕನ್ನಡದಲ್ಲೇ ಹೇಳಿದಳು, "ಹಾಜರಿ ಹಾಕೋರು ಇವರು. ತೋಟದ ಲೈನ್ ಮನೆ ಕೊಡ್ಸೋರೂ ಇವರೇ. ಬಸುರಿ ಅಂತ ಇವರ ಬಾಯಲ್ಲಿ ಹೇಳಿಸಿದ್ರೆ ನಾಳೆ ಕೆಲಸ ಇರುತ್ತಾ?"

ಮೇಸ್ತ್ರಿಗೆ ಸಿಟ್ಟು ಬಂತು. "ಹಾಗಾದ್ರೆ ರಾತ್ರಿ ಜೀಪಲ್ಲಿ ಆಸ್ಪತ್ರೆಗೆ ತರೋರು ಯಾರು?" ಅದೂ ನಿಜವೇ. ತೋಟದೊಳಗಿಂದ ಬಸ್ ರಸ್ತೆಗೆ ಬರುವುದೇ ದೊಡ್ಡ ಕೆಲಸ. ಆದರೂ ನಾನು ಹುಡುಗಿಯ ಕಡೆಗೇ ನಿಂತೆ. ಭಾಷೆ ಎಷ್ಟೇ ಚೆನ್ನಾಗಿ ಬರಲಿ, ಕೂಲಿ ಬರೆಯುವ ಕೈ ಪಕ್ಕದಲ್ಲಿದ್ದರೆ ರೋಗಿಯ ಬಾಯಿ ಬಿಚ್ಚುವುದಿಲ್ಲ. ಮಕ್ಕಳನ್ನು ಮಾತು ದಾಟಿಸಲು ಕೂರಿಸಬಾರದು ಅಂತ ಕಲಿಸುತ್ತೇವಲ್ಲ, ಮೇಸ್ತ್ರಿಯನ್ನು ಕೂರಿಸುವ ಬಗ್ಗೆ ಯಾರೂ ಮಾತೆತ್ತಿರಲಿಲ್ಲ.

ಊಟದ ಹೊತ್ತಿಗೆ ಒಂದು ಒಪ್ಪಂದಕ್ಕೆ ಬಂದೆವು. ಮೇಸ್ತ್ರಿ ಕರೆತಂದು ಹೊರಗೆ ಕೂರುವುದು, ತರಬೇತಾದ ಬೇರೆಯವರು ಒಳಗೆ ಹೋಗುವುದು, ಯಾರೂ ಸಿಗದಿದ್ದರೆ ಫೋನ್ ಸ್ಪೀಕರಿನಲ್ಲಿ.

"ಏನು ಕಾಯಿಲೆ ಅಂತ ನಮಗೂ ತಿಳೀಬೇಕಲ್ಲ?" ಅಂದರು ಮೇಸ್ತ್ರಿ.

"ಹೇಳೋದಿದ್ರೆ ನಾನೇ ಹೇಳ್ತೀನಿ," ಅಂದಳು ಹುಡುಗಿ.