ಹನ್ನೆರಡನೇ ನಂಬರಿನ ಸಾಲು

ಬಾಸ್ಕೆಟ್‌ಬಾಲ್ ಕೋರ್ಟಿನ ಪಕ್ಕದ ಮೆಟ್ಟಿಲುಗಳಲ್ಲಿ ಮೂರನೆಯದು ನಮ್ಮದು. ಮೊದಲನೆಯದರಲ್ಲಿ ಕೂತರೆ ಚೆಂಡು ಬಂದು ಮುಖಕ್ಕೆ ಬಡಿಯುತ್ತಿತ್ತು. ಎರಡನೆಯದು ಸೀನಿಯರ್‌ಗಳದು. ನಾಲ್ಕನೆಯದಕ್ಕೆ ಹೋದರೆ ಪಿ.ಡಿ. ಸರ್ (ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು, ತಂಡದ ಕೋಚ್ ಕೂಡ ಅವರೇ) ಆಟಗಾರರಿಗೆ ಬೈಯುವುದು ಕೇಳಿಸುತ್ತಿರಲಿಲ್ಲ. ಬೈಗುಳ ಕೇಳಿಸದೆ ಮ್ಯಾಚ್ ನೋಡುವುದು ಯಾವ ಸುಖಕ್ಕೆ?

2005ರಿಂದ 2008ರವರೆಗೆ ನಾನು ಆ ಮೂರನೇ ಮೆಟ್ಟಿಲಿನ ಖಾಯಂ ಗಿರಾಕಿ. ನಮ್ಮಲ್ಲಿ ಒಬ್ಬನಿಗೂ ನೆಟ್ಟಗೆ ಲೇ-ಅಪ್ (ರಿಂಗಿನ ಬಳಿಗೆ ಓಡಿ ಹಾಕುವ ಶಾಟ್) ಹಾಕಲು ಬರುತ್ತಿರಲಿಲ್ಲ. ಆದರೆ ಯಾರನ್ನು ಫಸ್ಟ್ ಫೈವ್‌ನಲ್ಲಿ (ಆಟ ಶುರು ಮಾಡುವ ಐವರಲ್ಲಿ) ಇಳಿಸಬೇಕು, ಯಾರನ್ನು ಎಷ್ಟು ನಿಮಿಷ ಆಡಿಸಬೇಕು, ಯಾವಾಗ ಜೋನ್ (ಆಳಿನ ಬದಲು ಜಾಗ ಕಾಯುವ ಡಿಫೆನ್ಸ್) ಹಾಕಬೇಕು ಎನ್ನುವುದು ಪಿ.ಡಿ. ಸರ್ ಒಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ಆಟಗಾರರನ್ನು ನಾವು ಹೆಸರು ಹಿಡಿದು ಕರೆದದ್ದೇ ಕಡಿಮೆ. ಆಗಿನ ನಿಯಮದಂತೆ ಜೆರ್ಸಿ ನಂಬರು 4ರಿಂದ 15ರವರೆಗೆ ಮಾತ್ರ ಇರುತ್ತಿತ್ತು. ಒಂದು, ಎರಡು, ಮೂರು ರೆಫ್ರಿಯ ಬೆರಳಿಗೆ ಮೀಸಲು. ಪಾಯಿಂಟ್ ಎಷ್ಟು, ಫ್ರೀ ಥ್ರೋ ಎಷ್ಟು ಎಂದು ತೋರಿಸಲು ಬೇಕಲ್ಲ. ಹೀಗಾಗಿ ಇಡೀ ಕಾಲೇಜು ಏಳನೇ ನಂಬರಿನ ಪಕ್ಷ, ಹನ್ನೆರಡನೇ ನಂಬರಿನ ಪಕ್ಷ ಎಂದು ಎರಡು ಹೋಳಾಗಿತ್ತು. ಪಕ್ಷ ಎಂದದ್ದು ಹೆಚ್ಚಾಯಿತು. ಹನ್ನೆರಡರ ಪರವಾಗಿ ಇದ್ದವರು ಮೂರೇ ಜನ, ಅವರಲ್ಲೊಬ್ಬ ಅವನ ರೂಮ್‌ಮೇಟ್.

ಏಳನೇ ನಂಬರು ಶೂಟರ್. ಚೆಂಡು ಅವನ ಕೈ ಬಿಟ್ಟ ಕೂಡಲೇ ನಾವು ಎದ್ದು ನಿಲ್ಲುತ್ತಿದ್ದೆವು, ರಿಂಗಿಗೆ ಬೀಳುವವರೆಗೆ ಕಾಯುವ ಪದ್ಧತಿ ಇರಲಿಲ್ಲ. ಹನ್ನೆರಡನೇ ನಂಬರಿಗೆ ಶೂಟಿಂಗ್ ಬರುತ್ತಿರಲಿಲ್ಲ, ಡ್ರಿಬಲ್ ಸುಮಾರು, ನೆಗೆತ ನಮ್ಮಷ್ಟೇ. ಆದರೂ ಪ್ರತಿ ಮ್ಯಾಚಿನಲ್ಲೂ ಸರ್ ಅವನನ್ನು ಹದಿನೈದು ಇಪ್ಪತ್ತು ನಿಮಿಷ ಆಡಿಸುತ್ತಿದ್ದರು, ಅದೂ ಎಷ್ಟೋ ಸಲ ಏಳನ್ನು ಕೂರಿಸಿ. “ಇವನು ಆಡೋಕೆ ಬಂದಿದಾನೋ, ಎದುರಾಳಿಗೆ ಕೊಡೆ ಹಿಡಿಯೋಕೆ ಬಂದಿದಾನೋ?” ಎಂದು ಮೊದಲು ಕೂಗಿದವನು ನಾನೇ. ಆ ಮಾತು ವರ್ಷವಿಡೀ ಮೆಟ್ಟಿಲ ಮೇಲೆ ಓಡಾಡಿತು. ಆಗ ಅದರ ಬಗ್ಗೆ ನನಗೆ ಹೆಮ್ಮೆಯಿತ್ತು.

ನಿಮಿಷದ ಲೆಕ್ಕದಲ್ಲಿ ಜಗಳ ಜೋರಾಗುತ್ತಿತ್ತು. ಹತ್ತು ನಿಮಿಷದ ನಾಲ್ಕು ಕ್ವಾರ್ಟರ್, ಕೋರ್ಟಿನಲ್ಲಿ ಐದು ಜನ. ಒಂದು ಮ್ಯಾಚಿನಲ್ಲಿ ಹಂಚಲು ಸಿಗುವುದು ಒಟ್ಟು 200 ನಿಮಿಷ. “ಏಳಕ್ಕೆ ನಲವತ್ತೂ ಕೊಡ್ರಿ” ಎಂದು ನಾವು. “ಕೊಡೋಣ, ಯಾರ ಬಾಯಿಂದ ಕಿತ್ಕೊಂಡು?” ಎಂದು ಆ ರೂಮ್‌ಮೇಟ್. ಒಮ್ಮೆ ಎಲ್ಲಿಂದಲೋ ಓದಿಕೊಂಡು ಬಂದವನೊಬ್ಬ ಅಮೆರಿಕದ ಎನ್‌ಬಿಎ ಲೀಗಿನ ದಿಗ್ಗಜ ವಿಲ್ಟ್ ಚೇಂಬರ್ಲಿನ್‌ನನ್ನು ತಂದು ನಡುವೆ ನಿಲ್ಲಿಸಿದ. 1961–62ರ ಸೀಸನ್ನಿನಲ್ಲಿ ಆತ ಆಡಿದ್ದು ಮ್ಯಾಚಿಗೆ ಸರಾಸರಿ 48.5 ನಿಮಿಷ. ಎನ್‌ಬಿಎ ಮ್ಯಾಚ್ ಇರುವುದೇ 48 ನಿಮಿಷ, ಮಿಕ್ಕ ಅರ್ಧ ಓವರ್‌ಟೈಮಿನದು. ಒಂದೇ ಮ್ಯಾಚಿನಲ್ಲಿ 100 ಪಾಯಿಂಟ್ ಹೊಡೆದದ್ದೂ ಅದೇ ಸೀಸನ್ನಿನಲ್ಲಿ. ನಾವು ಚಪ್ಪಾಳೆ ತಟ್ಟಿ ಮುಗಿಸುವವರೆಗೆ ಕಾದು ರೂಮ್‌ಮೇಟ್ ಕೇಳಿದ: “ಸರಿ ಮಾರಾಯ, ಆ ವರ್ಷ ಕಪ್ ಎತ್ತಿದ್ದು ಯಾರು?” ಬಾಸ್ಟನ್ ಸೆಲ್ಟಿಕ್ಸ್. ಚೇಂಬರ್ಲಿನ್ ತಂಡವನ್ನು ಏಳನೇ ಮ್ಯಾಚಿನವರೆಗೆ ಎಳೆದಾಡಿ ಮನೆಗೆ ಕಳಿಸಿದವರು ಅವರೇ. ಅಲ್ಲಿ ಡಿಫೆನ್ಸ್‌ಗೆ ಹೆಸರಾದ ಬಿಲ್ ರಸೆಲ್ ಇದ್ದ, ಹದಿಮೂರು ಸೀಸನ್ನಿನಲ್ಲಿ ಹನ್ನೊಂದು ಸಲ ಚಾಂಪಿಯನ್ ಆದವನು. ಆತ ಎಷ್ಟು ಶಾಟ್ ತಡೆದ ಎಂದು ಕೇಳಿದರೆ ಉತ್ತರವಿಲ್ಲ. ಬ್ಲಾಕ್ (ಶಾಟ್ ತಡೆದದ್ದು) ಮತ್ತು ಸ್ಟೀಲ್‌ಗಳನ್ನು (ಚೆಂಡು ಕಸಿದದ್ದು) ಎನ್‌ಬಿಎ ಲೆಕ್ಕ ಇಡತೊಡಗಿದ್ದು 1973–74ರಿಂದ, ಆ ಹೊತ್ತಿಗೆ ರಸೆಲ್ ಆಟ ಬಿಟ್ಟು ನಾಲ್ಕು ವರ್ಷವಾಗಿತ್ತು. ಅವತ್ತು ಆ ಮಾತನ್ನು ನಾವ್ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಜೋನ್ ಜಗಳ ಬೇರೆಯೇ. ಎದುರಾಳಿಗಳು ಎತ್ತರದವರಾದರೆ ಸಾಕು, ಮೂರನೇ ಮೆಟ್ಟಿಲಿನಿಂದ “ಎರಡು-ಮೂರು ಹಾಕಿ ಸರ್!” ಎಂದು ಕೂಗು ಏಳುತ್ತಿತ್ತು. ಮುಂದೆ ಇಬ್ಬರು, ರಿಂಗಿನ ಬಳಿ ಮೂವರು, ಗೋಡೆ ಕಟ್ಟಿದ ಹಾಗೆ. ಸರ್ ಸಾಮಾನ್ಯವಾಗಿ ನಮ್ಮ ಕಡೆ ತಿರುಗುತ್ತಿರಲಿಲ್ಲ. ಒಂದು ಸಲ ಮಾತ್ರ ತಿರುಗಿ, “ಶಾಟ್ ಹೊಡೆದಾಗ ರಿಬೌಂಡಿಗೆ ಯಾರು ಯಾರನ್ನ ತಡೀಬೇಕು ಅಂತ ಆ ಗೋಡೆಗೆ ನೀನ್ ಬಂದು ಹೇಳ್ಕೊಡ್ತೀಯಾ?” ಎಂದರು. ಮ್ಯಾನ್ ಟು ಮ್ಯಾನ್‌ನಲ್ಲಿ ನಿನ್ನ ಆಳು ಯಾರೆಂದು ನಿನಗೆ ಗೊತ್ತು, ಶಾಟ್ ಹೊಡೆದ ಕೂಡಲೇ ಬೆನ್ನು ಕೊಟ್ಟು, ರಿಂಗಿಗೆ ಬಡಿದು ಬರುವ ಚೆಂಡು ಸಿಗದಂತೆ ಅವನನ್ನು ಹಿಂದೆ ಹಾಕಬಹುದು. ಜೋನ್‌ನಲ್ಲಿ ಆ ಆಳು ಇಬ್ಬರ ನಡುವೆ ಜಾರಿಕೊಂಡು ಬಂದು ಚೆಂಡು ಹಿಡಿದಿರುತ್ತಾನೆ, ಈ ಇಬ್ಬರು ಒಬ್ಬರ ಮುಖ ಒಬ್ಬರು ನೋಡುತ್ತಿರುತ್ತಾರೆ. ನಾವು ಒಪ್ಪಿದೆವು ಎಂದಲ್ಲ. ಮುಂದಿನ ಮ್ಯಾಚಿನಲ್ಲೂ ಕೂಗಿದೆವು.

ಎರಡನೇ ವರ್ಷದಲ್ಲಿ ನನಗೊಂದು ಅನ್ಯಾಯವಾಯಿತು. ಸ್ಕೋರರ್ ಆಗಬೇಕಿದ್ದವನು ಮ್ಯಾಚಿನ ದಿನ ಬರಲಿಲ್ಲ. ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ಮೆಟ್ಟಿಲಿನಿಂದ ಎಬ್ಬಿಸಿ ಟೇಬಲ್ಲಿಗೆ ಕೂರಿಸಿದರು. ರೆಫ್ರಿ ಹೇಳಿದ ಮೊದಲ ಮಾತು, “ಟೇಬಲ್ ಮೇಲೆ ಕೂತವನಿಗೆ ಟೀಮ್ ಇಲ್ಲ, ಚಪ್ಪಾಳೆ ತಟ್ಟಿದರೆ ಎಬ್ಬಿಸ್ತೀನಿ.” ಅಲ್ಲಿಗೆ ನನ್ನ ಬಾಯಿ ಬಂದ್ ಆಯಿತು. ಮುಂದೆ ಎರಡು ವರ್ಷ ಆ ಕುರ್ಚಿ ನನ್ನದೇ ಆಗಿ ಉಳಿಯಿತು.

ಸ್ಕೋರ್ ಶೀಟನ್ನು ಹತ್ತಿರದಿಂದ ನೋಡಿದ್ದು ಆಗಲೇ. ಪ್ರತಿ ಆಟಗಾರನಿಗೆ ಒಂದು ಸಾಲು. ಹೆಸರು, ನಂಬರು, ಪಕ್ಕದಲ್ಲೊಂದು ಪುಟ್ಟ ಚೌಕ, ಆಮೇಲೆ ಫೌಲಿಗೆ ಐದು ಚೌಕ. ಆಟಕ್ಕೆ ಇಳಿದವನ ಪುಟ್ಟ ಚೌಕದಲ್ಲಿ ಸಣ್ಣ ಇಂಟು ಮಾರ್ಕ್. ಫಸ್ಟ್ ಫೈವ್‌ನವನಾದರೆ ಆ ಇಂಟುವಿನ ಸುತ್ತ ಕೆಂಪು ಪೆನ್ನಿನಲ್ಲಿ ಒಂದು ಸೊನ್ನೆ. ನಾವು ವಾರಗಟ್ಟಲೆ ಗಂಟಲು ಹರಿದುಕೊಂಡದ್ದು ಈ ಸೊನ್ನೆಗಾ ಎನ್ನಿಸಿತು. ಬಲಗಡೆ ಪಾಯಿಂಟಿನ ಅಂಕಿಗಳ ಉದ್ದ ಪಟ್ಟಿ. ಬಾಸ್ಕೆಟ್ ಬಿದ್ದರೆ ಅಂಕಿಯ ಮೇಲೆ ಓರೆ ಗೆರೆ, ಫ್ರೀ ಥ್ರೋ ಆದರೆ ತುಂಬಿದ ಚುಕ್ಕೆ, ಮೂರು ಪಾಯಿಂಟಿನದಾದರೆ ಹೊಡೆದವನ ನಂಬರಿನ ಸುತ್ತ ವೃತ್ತ. ಏಳರ ಸುತ್ತ ವೃತ್ತ ಹಾಕಿ ಹಾಕಿ ನನ್ನ ಕೈ ಪಳಗಿತು.

ಹನ್ನೆರಡರ ಸಾಲಿನಲ್ಲಿ ಬರೆಯಲು ಸಿಗುತ್ತಿದ್ದುದು ಒಂದೇ: ಪಿ. ಪರ್ಸನಲ್ ಫೌಲ್. ಒಂದು ಮ್ಯಾಚಿನಲ್ಲಿ ಎರಡು ಪಿ, ಇನ್ನೊಂದರಲ್ಲಿ ನಾಲ್ಕು ಪಿ. ತಡೆದದ್ದಕ್ಕೆ ಶೀಟಿನಲ್ಲಿ ಜಾಗವೇ ಇಲ್ಲ, ತಡೆಯಲು ಹೋಗಿ ತಪ್ಪಿದರೆ ಮಾತ್ರ ಐದು ಚೌಕ.

ಆದರೆ ಟೇಬಲ್ಲಿನಿಂದ ಸೈಡ್ ಲೈನ್ ನಾಲ್ಕು ಹೆಜ್ಜೆ. ಮೆಟ್ಟಿಲಿನಿಂದ ಕಾಣದ್ದು ಅಲ್ಲಿಂದ ಕಾಣುತ್ತಿತ್ತು. ಅವನು ಚೆಂಡನ್ನು ನೋಡುತ್ತಲೇ ಇರಲಿಲ್ಲ, ಎದುರಾಳಿಯ ಸೊಂಟ ನೋಡುತ್ತಿದ್ದ. ಕಣ್ಣು, ಭುಜ, ಚೆಂಡು ಎಲ್ಲವೂ ಸುಳ್ಳು ಹೇಳಬಹುದು, ಸೊಂಟ ಹೋದ ಕಡೆಗೇ ಆಳು ಹೋಗಬೇಕು. ಒಂದು ಕೈ ಚೆಂಡಿನ ಕಡೆ, ಇನ್ನೊಂದು ಪಾಸ್ ಹೋಗುವ ದಾರಿಯಲ್ಲಿ. ಕಾಲಿಗೆ ಕಾಲು ಅಡ್ಡ ಹಾಕದೆ, ನೆಲ ಗುಡಿಸಿದ ಹಾಗೆ ಪಕ್ಕಕ್ಕೆ ಸರಿಯುತ್ತ ತನ್ನ ಆಳನ್ನು ಸೈಡ್ ಲೈನಿಗೆ ತಳ್ಳಿಕೊಂಡು ಬರುತ್ತಿದ್ದ. ಎಷ್ಟೋ ಸಲ ಅವರಿಬ್ಬರೂ ನನ್ನ ಟೇಬಲ್ಲಿನ ಮುಂದೆಯೇ ಬಂದು ನಿಲ್ಲುತ್ತಿದ್ದರು. ಎದುರಾಳಿಗೆ ಮುಂದೆ ದಾರಿಯಿಲ್ಲ, ಪಕ್ಕದಲ್ಲಿ ಗೆರೆ. ಬೇರೆ ದಾರಿ ಕಾಣದೆ ಚೆಂಡನ್ನು ಹಿಂದಕ್ಕೆ ಪಾಸ್ ಮಾಡುತ್ತಿದ್ದ. ಮೆಟ್ಟಿಲ ಮೇಲೆ ಯಾರೂ ಮಿಸುಕುತ್ತಿರಲಿಲ್ಲ. ಏನಾದರೂ ಆಗಿದ್ದರೆ ತಾನೇ.

ನಾನೊಂದು ನೋಟ್‌ಬುಕ್ ಇಟ್ಟೆ. ಏಳು ಒಳಗೆ ಬಂದಾಗ ಸ್ಕೋರ್ ಎಷ್ಟು, ಹೊರಗೆ ಹೋದಾಗ ಎಷ್ಟು, ಹನ್ನೆರಡಕ್ಕೂ ಹಾಗೆಯೇ. ಪ್ಲಸ್-ಮೈನಸ್ ಎಂಬ ಹೆಸರು ಆಗ ಗೊತ್ತಿರಲಿಲ್ಲ, ಸುಮ್ಮನೆ ಕೂಡಿಸಿ ಕಳೆದೆ. ಲೆಕ್ಕ ಹನ್ನೆರಡರ ಪರವಾಗಿ ಬಂತು. ತೆಗೆದುಕೊಂಡು ಹೋಗಿ ಮೂರನೇ ಮೆಟ್ಟಿಲಿಗೆ ತೋರಿಸಿದೆ. “ಅವನು ಇಳಿಯೋದು ಎದುರಾಳಿಗಳಿಗೆ ಸುಸ್ತಾದ ಮೇಲೆ ಕಣೋ” ಎಂದರು. ಅದೂ ಸುಳ್ಳಲ್ಲ. ಹತ್ತಿಪ್ಪತ್ತು ಮ್ಯಾಚಿನ ಪ್ಲಸ್-ಮೈನಸ್ ಹಿಡಿದುಕೊಂಡು ಒಬ್ಬನಿಗೆ ಪಟ್ಟ ಕಟ್ಟುವುದು ಹುಚ್ಚುತನ, ಜೊತೆಗೆ ಆಡಿದ ನಾಲ್ವರ ಗುಣವೂ ದೋಷವೂ ಅದರಲ್ಲಿ ಕಲಸಿಹೋಗಿರುತ್ತದೆ. ಅದು ಈಗ ಗೊತ್ತು. ಆಗ ಪಕ್ಷಾಂತರಿ ಎಂದು ಬೈಸಿಕೊಂಡೆ.

ಎಷ್ಟೋ ವರ್ಷದ ಮೇಲೆ, 2015ರ ಎನ್‌ಬಿಎ ಫೈನಲ್ಸ್ ನೋಡುವಾಗ ಆ ಮೆಟ್ಟಿಲು ಪಕ್ಕಕ್ಕೆ ಬಂದು ಕೂತ ಹಾಗಾಯಿತು. ಗೋಲ್ಡನ್ ಸ್ಟೇಟ್ ವಾರಿಯರ್ಸ್ 1–2ರಿಂದ ಹಿಂದಿತ್ತು. ಲೀಗ್ ಹಂತದಲ್ಲಿ ಒಂದು ಮ್ಯಾಚಿನಲ್ಲೂ ಫಸ್ಟ್ ಫೈವ್‌ನಲ್ಲಿ ಇಳಿಯದ ಆಂಡ್ರೆ ಇಗುಡಾಲನನ್ನು ಕೋಚ್ ಸ್ಟೀವ್ ಕೆರ್ ನಾಲ್ಕನೇ ಮ್ಯಾಚಿಗೆ ಮೊದಲಿಗೇ ಇಳಿಸಿದರು, ದೈತ್ಯ ಸೆಂಟರ್ ಆಂಡ್ರ್ಯೂ ಬೋಗಟ್‌ನನ್ನು ಬೆಂಚಿಗೆ ಕಳಿಸಿ. ಮುಂದಿನ ಮೂರೂ ಮ್ಯಾಚ್ ಗೆದ್ದರು, ಫೈನಲ್ಸ್‌ನ ಶ್ರೇಷ್ಠ ಆಟಗಾರ ಇಗುಡಾಲ. ಅವನು ಕಾಯ್ದದ್ದು ಎದುರಾಳಿ ತಂಡದ ಲೆಬ್ರಾನ್ ಜೇಮ್ಸ್‌ನನ್ನು. ಆ ಸರಣಿಯಲ್ಲಿ ಲೆಬ್ರಾನ್ ಸರಾಸರಿ 35.8 ಪಾಯಿಂಟ್ ಹೊಡೆದ. “ಇದೆಂಥ ಡಿಫೆನ್ಸ್?” ಎಂದು ಕೂಗಲು ನಮ್ಮವರು ಅಲ್ಲಿರಬೇಕಿತ್ತು.

ಕೊನೆಯ ವರ್ಷದ ಸೆಮಿಫೈನಲ್ ಬಗ್ಗೆ ಬರೆಯದಿದ್ದರೆ ಹಳೆಯ ಗೆಳೆಯರು ನನ್ನನ್ನು ಬಿಡುವುದಿಲ್ಲ. ಮೂರನೇ ಕ್ವಾರ್ಟರ್‌ನಲ್ಲಿ ಏಳಕ್ಕೆ ನಾಲ್ಕನೇ ಫೌಲ್. ಐದಾದರೆ ಆಚೆ. ಒಂಬತ್ತು ಪಾಯಿಂಟ್ ಹಿಂದಿರುವಾಗ ಸರ್ ಅವನನ್ನು ಕೂರಿಸಿ ಹನ್ನೆರಡನ್ನು ಇಳಿಸಿದರು. ಮೆಟ್ಟಿಲುಗಳಿಂದ ಬಂದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಹನ್ನೆರಡು ಹೋಗಿ ಅವರ ಕ್ಯಾಪ್ಟನ್‌ಗೆ ಅಂಟಿಕೊಂಡ. ಅಲ್ಲಿಂದ ಅವರ ಕಡೆಯ ಓರೆ ಗೆರೆಗಳು ನಿಧಾನವಾದವು, ನಮ್ಮವು ಹತ್ತಿರ ಬರತೊಡಗಿದವು. ಒಂಬತ್ತು, ಆರು, ಮೂರು, ಒಂದು. ಕೊನೆಯಲ್ಲಿ ಚೆಂಡು ಅವರದು. 24 ಸೆಕೆಂಡಿನೊಳಗೆ ಶಾಟ್ ಹೊಡೆಯದಿದ್ದರೆ ಚೆಂಡು ಎದುರು ತಂಡಕ್ಕೆ. ಅದನ್ನು ಎಣಿಸುವ ಶಾಟ್ ಕ್ಲಾಕ್ ನಮ್ಮಲ್ಲಿ ಇರಲಿಲ್ಲ, ನನ್ನ ಪಕ್ಕದವನು ಸ್ಟಾಪ್‌ವಾಚ್ ಹಿಡಿದು ಎಣಿಸುತ್ತಿದ್ದ. ಕ್ಯಾಪ್ಟನ್‌ಗೆ ಚೆಂಡು ಸಿಕ್ಕಿದ್ದೇ ತಡವಾಗಿ, ಸಿಕ್ಕಾಗ ಎದುರಿಗೆ ಹನ್ನೆರಡು. 24 ಸೆಕೆಂಡು ಮುಗಿಯಿತು, ಶಾಟ್ ಬರಲಿಲ್ಲ, ಹಾರ್ನ್. ನನ್ನ ಪೆನ್ನು ಶೀಟಿನ ಮೇಲೆ ಆಡಿತು, ಬರೆಯಲು ಏನೂ ಇರಲಿಲ್ಲ.

ಇನ್ನು ಹತ್ತು ಸೆಕೆಂಡು. ಸರ್ ಏಳನ್ನು ವಾಪಸ್ ಕಳಿಸಿದರು, ಹನ್ನೆರಡನ್ನೂ ಒಳಗೇ ಬಿಟ್ಟರು. ಏಳರ ಕೈಗೆ ಚೆಂಡು ಬಂದದ್ದೇ ತಡ ಇಬ್ಬರು ಮೇಲೆ ಬಿದ್ದರು. ಎರಡನೆಯವನು ಬಂದದ್ದು ಹನ್ನೆರಡನ್ನು ಬಿಟ್ಟು, ಅವನಿಗೆ ಶೂಟಿಂಗ್ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತಲ್ಲ. ಏಳು ಸರಿಯಾದ ಪಾಸನ್ನೇ ಕೊಟ್ಟ. ಕಾರ್ನರ್‌ನಲ್ಲಿ ಹನ್ನೆರಡು ಒಬ್ಬನೇ, ಹತ್ತಿರ ಯಾರೂ ಇಲ್ಲ. ಚೆಂಡು ರಿಂಗಿನ ಮುಂಭಾಗಕ್ಕೆ ಬಡಿದು ಹೊರಗೆ ಬಂತು. ಒಂದು ಪಾಯಿಂಟಿನಿಂದ ಸೋತೆವು.

ಇಬ್ಬರು ತಬ್ಬಿ ಹಿಡಿದಿದ್ದರೂ ಏಳೇ ಹೊಡೆಯಬೇಕಿತ್ತು ಎನ್ನುವವರು ಇಂದಿಗೂ ಇದ್ದಾರೆ. ಹನ್ನೆರಡಿಲ್ಲದಿದ್ದರೆ ಇಪ್ಪತ್ತರಿಂದ ಸೋಲುತ್ತಿದ್ದೆವು ಎನ್ನುವ ರೂಮ್‌ಮೇಟ್ ಕೂಡ ಇದ್ದಾನೆ. ಕೊನೆಯ ಹತ್ತು ಸೆಕೆಂಡಿಗೆ ಹನ್ನೆರಡನ್ನು ತೆಗೆದು ಇನ್ನೊಬ್ಬ ಶೂಟರ್‌ನನ್ನು ಇಳಿಸಬೇಕಿತ್ತು ಎಂಬುದು ನನ್ನ ವಾದ. ಸರ್‌ಗೆ ಅದನ್ನು ಹೇಳುವ ಧೈರ್ಯ ಬರಲಿಲ್ಲ.

ಮ್ಯಾಚ್ ಮುಗಿದ ಮೇಲೆ ಶೀಟಿನಲ್ಲಿ ಉಳಿದ ಖಾಲಿ ಚೌಕಗಳಿಗೆ ಗೆರೆ ಎಳೆದು ಮುಚ್ಚಬೇಕು. ಸ್ಕೇಲ್ ಇಟ್ಟು ಎಳೆಯುತ್ತಿದ್ದೆ. ಪಕ್ಕದಲ್ಲಿ ಯಾರೋ ನಿಂತ ಹಾಗಾಯಿತು. ಹನ್ನೆರಡು. ಬೆವರು ಶೀಟಿನ ಮೇಲೆ ಬೀಳದಂತೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದ.

“ನಂದು ಯಾವ ಸಾಲು?”

ತೋರಿಸಿದೆ. ಸೊನ್ನೆಯಿಲ್ಲದ ಇಂಟು, ಮೂರು ಪಿ.

“ಕೊನೇ ಶಾಟ್ ಎಲ್ಲಿ ಬರ್ದಿದೀಯ?”

“ಮಿಸ್ ಆಗಿದ್ದನ್ನ ಇದ್ರಲ್ಲಿ ಬರೆಯಲ್ಲ.”

“ಹೌದಾ?” ಎಂದ. ಇನ್ನೊಂದು ಸಲ ಆ ಸಾಲನ್ನು ಮೊದಲಿನಿಂದ ಕೊನೆಯವರೆಗೆ ನೋಡಿ, ಶೂ ಲೇಸ್ ಬಿಚ್ಚಲು ಹೋದ. ಅವನ ಸಾಲಿನಲ್ಲಿ ಎರಡು ಚೌಕ ಉಳಿದಿದ್ದವು. ಗೆರೆ ಎಳೆದೆ.