ಮೂರು ಕಿಲೋಮೀಟರ್ ಆಳಕ್ಕೆ ಇಳಿಸಿದ್ದನ್ನು ಮೇಲೆ ತರುವುದು ಹೇಗೆ?

ಬಂಗಾಳ ಕೊಲ್ಲಿಯ ತಳದಲ್ಲಿ ಸುನಾಮಿ ಗುರುತಿಸುವ ಯಂತ್ರಗಳಿವೆ ಎಂದರೆ ಸಾಕು, ಎಲ್ಲರೂ ಮೊದಲು ಕೇಳುವುದು ಇದನ್ನೇ: ಅಷ್ಟು ಆಳದಲ್ಲಿ ಬಿಟ್ಟು ಬಂದ ಪೆಟ್ಟಿಗೆಯನ್ನು ವರ್ಷ ಕಳೆದು ಹೇಗೆ ತೆಗೆಯುತ್ತೀರಿ? ಯಾರಾದರೂ ಮುಳುಗಿ ಹೋಗುತ್ತಾರಾ? ಹಗ್ಗ ಕಟ್ಟಿರುತ್ತದಾ?

ಮುಳುಗುವವರೂ ಇಲ್ಲ, ಹಗ್ಗವೂ ಇಲ್ಲ. ತಳದಲ್ಲಿ ಹಿಡಿದಿಟ್ಟ ಭಾರದ ಲಂಗರನ್ನು ಕಳಚಿದರೆ, ಜೊತೆಗೆ ಕಟ್ಟಿದ ಟೊಳ್ಳು ಗಾಜಿನ ಗೋಳಗಳ ಬಲದಿಂದ ಪೆಟ್ಟಿಗೆ ತಾನಾಗಿ ತೇಲಿ ಬರುತ್ತದೆ. ಆದರೆ ಅದು ಬರುವುದೂ ಬಾರದಿರುವುದೂ ಬಹುಪಾಲು ಇಳಿಸಿದ ದಿನವೇ, ಡೆಕ್ಕಿನ ಮೇಲೆ ನಿಶ್ಚಯವಾಗಿಬಿಟ್ಟಿರುತ್ತದೆ.

ಯಂತ್ರದ ಬಗ್ಗೆ ಎರಡು ಮಾತು. 2004ರ ಡಿಸೆಂಬರ್ 26ರ ಅನಾಹುತದ ನಂತರ, 2007ರಲ್ಲಿ ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆಯಾದ ಇನ್‌ಕಾಯ್ಸ್‌ನಲ್ಲಿ ಸುನಾಮಿ ಎಚ್ಚರಿಕೆ ಕೇಂದ್ರ ಶುರುವಾಯಿತು. ಸಮುದ್ರದಲ್ಲಿ ಇಡುವ, ತೆಗೆಯುವ ಕೆಲಸ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯದು. ತಳದಲ್ಲಿ ಕೂತಿರುವುದು ನೀರಿನ ಒತ್ತಡ ಅಳೆಯುವ ಯಂತ್ರ. ಮೇಲೆ ನೀರು 1 ಸೆಂಟಿಮೀಟರ್ ಏರಿದರೆ ಕೆಳಗೆ ಸುಮಾರು 1 ಮಿಲಿಬಾರ್ ಒತ್ತಡ ಹೆಚ್ಚುತ್ತದೆ. 3,000 ಮೀಟರ್ ನೀರಿನಡಿಯಲ್ಲಿ ಒತ್ತಡವೇ 300 ಬಾರ್ ದಾಟಿರುತ್ತದೆ. ಅದರೊಳಗಿನ ಆ ಒಂದು ಮಿಲಿಬಾರನ್ನು ಸೆನ್ಸರಿನ ಕ್ವಾರ್ಟ್ಜ್ ಹರಳು ಹಿಡಿಯುತ್ತದೆ. ಗಾಳಿ ಎಬ್ಬಿಸುವ ಅಲೆ ಅಷ್ಟು ಆಳ ಮುಟ್ಟುವುದೇ ಇಲ್ಲ. ಸುನಾಮಿ ಮಾತ್ರ ತಳದವರೆಗಿನ ನೀರನ್ನೆಲ್ಲ ಅಲುಗಿಸುತ್ತದೆ. ಅಳತೆ ಶಬ್ದದ ರೂಪದಲ್ಲಿ ಮೇಲೆ ತೇಲುವ ಬೋಯ್‌ಗೆ ಹೋಗಿ, ಅಲ್ಲಿಂದ ಉಪಗ್ರಹದ ಮೂಲಕ ದಡ ಸೇರುತ್ತದೆ. ಇದೆಲ್ಲ ನಡೆಯುವುದು ಬ್ಯಾಟರಿಯಲ್ಲಿ. ಬ್ಯಾಟರಿ ಮುಗಿಯುತ್ತದೆ, ಅದಕ್ಕೇ ಹಡಗು ಮತ್ತೆ ಮತ್ತೆ ಹೋಗಬೇಕು.

ಮೊದಲ ಕೆಲಸ ತೂಕದ ಲೆಕ್ಕ. ಚೌಕಟ್ಟು, ಬ್ಯಾಟರಿ ಕೊಳವೆ, ಸೆನ್ಸರ್, ಲಂಗರನ್ನು ಬಿಡಿಸುವ ರಿಲೀಸ್ ಎಲ್ಲ ಸೇರಿ ನೀರಿನೊಳಗೆ 60 ಕೆ.ಜಿ. ಎಂದಿಟ್ಟುಕೊಳ್ಳಿ. 17 ಇಂಚಿನ ಒಂದು ಗಾಜಿನ ಗೋಳ ಸುಮಾರು 25 ಕೆ.ಜಿ.ಯಷ್ಟು ಮೇಲಕ್ಕೆ ಎತ್ತುತ್ತದೆ. ನಾಲ್ಕು ಗೋಳಕ್ಕೆ 100. ಅಂದರೆ ಲಂಗರು ಕಳಚಿದರೆ 40 ಕೆ.ಜಿ. ಬಲದಿಂದ ಮೇಲೇಳುತ್ತದೆ. ಲಂಗರು ನೀರಿನಲ್ಲಿ 150 ಕೆ.ಜಿ. ತೂಗಿದರೆ 110 ಕೆ.ಜಿ. ಬಲದಿಂದ ಕೆಳಗಿಳಿಯುತ್ತದೆ. ಹೊಸಬರು ಎಡವುವುದು ಇಲ್ಲೇ. ಕಬ್ಬಿಣ ನೀರಿನಲ್ಲಿ ಎಂಟನೇ ಒಂದು ಪಾಲು ತೂಕ ಕಳೆದುಕೊಂಡರೆ, ಕಾಂಕ್ರೀಟ್ ಹತ್ತಿರಹತ್ತಿರ ನೂರಕ್ಕೆ 40 ಪಾಲು ಕಳೆದುಕೊಳ್ಳುತ್ತದೆ. ದಡದಲ್ಲಿ 150 ಕೆ.ಜಿ. ತೂಗಿದ ಕಾಂಕ್ರೀಟ್ ಕೆಳಗೆ 90 ಕೆ.ಜಿ. ಅಷ್ಟೇ. ಆಗ ಕೆಳಗೆಳೆಯುವ ಬಲ 110ರ ಬದಲು 50 ಕೆ.ಜಿ. ಮಾತ್ರ, ಯಂತ್ರ ನಿಧಾನವಾಗಿ ಇಳಿಯುತ್ತದೆ, ತಳದಲ್ಲಿ ಗಟ್ಟಿಯಾಗಿ ಕೂರುವುದಿಲ್ಲ.

ಗಾಜಿನ ಗೋಳ ಎಂದರೆ ಎರಡು ಅರ್ಧಗೋಳಗಳನ್ನು ಅಂಚಿಗೆ ಅಂಚು ಕೂರಿಸಿದ್ದು. ಒಳಗಿನ ಗಾಳಿಯನ್ನು ಸ್ವಲ್ಪ ಎಳೆದು ತೆಗೆದರೆ ಎರಡೂ ಕಚ್ಚಿಕೊಳ್ಳುತ್ತವೆ. ಆಳಕ್ಕೆ ಹೋದಂತೆ ನೀರೇ ಇನ್ನಷ್ಟು ಅದುಮುತ್ತದೆ. ಪ್ರತಿ ಸಲ ಅಂಚನ್ನು ಟಾರ್ಚ್ ಹಿಡಿದು ನೋಡಬೇಕು. ಚಕ್ಕೆ ಎದ್ದಿದ್ದರೆ, ಬಿಳಿ ಗೆರೆ ಕಂಡರೆ ಆ ಗೋಳವನ್ನು ಬದಿಗಿಡಿ, ಎಷ್ಟೇ ಬೆಲೆಯದಾದರೂ ಸರಿ. ಆಳದಲ್ಲಿ ಒಂದು ಒಡೆದರೆ ಆ ಹೊಡೆತಕ್ಕೆ ಪಕ್ಕದವೂ ಒಡೆಯಬಹುದು.

ಇನ್ನು ಒ-ರಿಂಗ್. ಟೈಟೇನಿಯಂ ಕೊಳವೆಯ ಮುಚ್ಚಳದ ಸುತ್ತ ಕೂರುವ ಈ ರಬ್ಬರ್ ಬಳೆಯನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಲೇಬಾರದು, ಅದು ಕೂರುವ ತೋಡಿನಲ್ಲಿ ಗೀರು ಬೀಳುತ್ತದೆ. ಪ್ಲಾಸ್ಟಿಕ್ ಕಡ್ಡಿಯಿಂದ ಎತ್ತಿ, ಎಳೆ ಬಿಡದ ಬಟ್ಟೆಯಿಂದ ತೋಡನ್ನು ಒರೆಸಿ. ಬಳೆಯನ್ನು ಬೆರಳ ನಡುವೆ ನಿಧಾನ ಜಾರಿಸುತ್ತಾ ಹೋದರೆ, ಕಣ್ಣಿಗೆ ಕಾಣದ ಸೀಳು ಬೆರಳಿಗೆ ತಿಳಿಯುತ್ತದೆ. ಸಿಲಿಕೋನ್ ಗ್ರೀಸ್ ಮಿಂಚುವಷ್ಟಿದ್ದರೆ ಸಾಕು. ಹೆಚ್ಚು ಹಚ್ಚಿದರೆ ಧೂಳು, ಕೂದಲು ಅದಕ್ಕೇ ಅಂಟುತ್ತವೆ. ಬಳೆಯ ಮೇಲೆ ಅಡ್ಡಬಿದ್ದ ಒಂದೇ ಒಂದು ತಲೆಗೂದಲು ನೀರಿಗೆ ದಾರಿಯಾಗಬಲ್ಲದು. ಮುಚ್ಚಳ ಹಾಕುವ ಹೊತ್ತಿನಲ್ಲಿ ಫ್ಯಾನ್ ಆರಿಸಿ, ಮಾತು ನಿಲ್ಲಿಸಿ, ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ನೋಡಿ ಸಹಿ ಹಾಕುವ ಪದ್ಧತಿ ಅತಿ ಎಂದು ನಮಗೆ ಯಾವತ್ತೂ ಅನಿಸಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಅಕೌಸ್ಟಿಕ್ ರಿಲೀಸ್. ಒಂದು ತುದಿಯಲ್ಲಿ ಶಬ್ದ ಕೇಳುವ ಕಿವಿ, ಇನ್ನೊಂದು ತುದಿಯಲ್ಲಿ ಲಂಗರನ್ನು ಹಿಡಿದ ಕೊಕ್ಕೆ. ಹಡಗಿನಿಂದ ಅದರದೇ ಸಂಕೇತ ಕೇಳಿಸಿದಾಗ ಒಳಗಿನ ಮೋಟಾರ್ ತಿರುಗಿ ಕೊಕ್ಕೆ ಬಿಚ್ಚುತ್ತದೆ. ಇನ್ನೊಂದು ಬಗೆಯಲ್ಲಿ ತೆಳು ತಂತಿಗೆ ವಿದ್ಯುತ್ ಹರಿದು, ಉಪ್ಪುನೀರಿನಲ್ಲಿ ಅದು ಕೆಲವು ನಿಮಿಷಗಳಲ್ಲಿ ಕರಗಿ ಕಡಿಯುತ್ತದೆ. ಇಳಿಸುವ ಮೊದಲು ರಿಲೀಸನ್ನು ವಿಂಚಿನ (ತಂತಿ ಸುತ್ತುವ ರಾಟೆಯ) ತಂತಿಗೆ ಕಟ್ಟಿ ಆಳಕ್ಕೆ ಬಿಟ್ಟು, ಅಲ್ಲೇ ಸಂಕೇತ ಕಳಿಸಿ, ಮೇಲೆತ್ತಿ ಕೊಕ್ಕೆ ಬಿಚ್ಚಿದೆಯೇ ನೋಡಬೇಕು. ಇದಕ್ಕೆ ಕೆಲವು ಗಂಟೆ ಹಿಡಿಯುತ್ತದೆ. ಹವಾಮಾನ ಕೆಡುತ್ತಿದೆ ಎಂದು ಮೊದಲು ಕೈಬಿಡುವುದೂ ಇದನ್ನೇ. ಹಾಗೆ ಮಾಡಬೇಡಿ. ಟೈಟೇನಿಯಂ ಕೊಕ್ಕೆಗೆ ಉಕ್ಕಿನ ಬಳೆ ನೇರ ತಾಗಿದರೆ ಸಮುದ್ರದ ನೀರಿನಲ್ಲಿ ಎರಡೂ ಸೇರಿ ಬ್ಯಾಟರಿಯಂತಾಗಿ ಉಕ್ಕು ಕೊರೆದುಹೋಗುತ್ತದೆ. ನಡುವೆ ಪ್ಲಾಸ್ಟಿಕ್ ಬುಷ್ ಹಾಕುವುದು ಇದಕ್ಕೇ. ಅನುಕೂಲವಿದ್ದರೆ ಎರಡು ರಿಲೀಸ್ ಅಕ್ಕಪಕ್ಕ ಹಾಕಿ, ಒಂದು ಬಿಚ್ಚಿದರೂ ಲಂಗರು ಬೀಳುವ ಹಾಗೆ ಸರಪಳಿ ಪೋಣಿಸಿ.

ಇಳಿಸುವುದು ಬೇಗ ಮುಗಿಯುತ್ತದೆ. ಹಡಗಿನ ಹಿಂಭಾಗದ ಎ-ಫ್ರೇಮ್ ಎಂಬ ಕಮಾನು ಯಂತ್ರವನ್ನು ಎತ್ತುತ್ತದೆ, ಎರಡು ಬದಿಯಿಂದ ಹಗ್ಗ ಹಿಡಿದವರು ತೂಗಾಡದಂತೆ ತಡೆಯುತ್ತಾರೆ, ನೀರು ಮುಟ್ಟಿದ ಮೇಲೆ ಕೊಂಡಿ ಬಿಡುತ್ತಾರೆ. ಹೆಲ್ಮೆಟ್, ಲೈಫ್ ಜಾಕೆಟ್, ಉಕ್ಕಿನ ಮೂತಿಯ ಬೂಟು ಇಲ್ಲದವರಿಗೆ ಆಗ ಡೆಕ್ಕಿನಲ್ಲಿ ಜಾಗವಿಲ್ಲ. ಹಗ್ಗದ ಸುರುಳಿಯೊಳಗೆ ಕಾಲಿಡಬಾರದು, ಬಿಗಿದ ತಂತಿಯ ನೇರಕ್ಕೆ ನಿಲ್ಲಬಾರದು. ಬಿಟ್ಟ ಜಾಗವೂ ಅದು ಕೂತ ಜಾಗವೂ ಒಂದೇ ಆಗಿರುವುದಿಲ್ಲ, ಪ್ರವಾಹ ಎಳೆದೊಯ್ಯುತ್ತದೆ. ಹಾಗಾಗಿ ಹಡಗು ಸುತ್ತಲಿನ ಮೂರು ಕಡೆ ನಿಂತು ದೂರ ಅಳೆದು ಸರಿಯಾದ ಸ್ಥಾನ ಗುರುತಿಸುತ್ತದೆ.

ಹಡಗಿನ ದಿನಗಳ ಬಗ್ಗೆಯೂ ಕೇಳುತ್ತಾರೆ. ಮುಂಗಾರು ಮತ್ತು ಚಂಡಮಾರುತದ ತಿಂಗಳುಗಳನ್ನು ಬಿಟ್ಟರೆ ಕೊಲ್ಲಿ ಶಾಂತವಾಗಿರುವುದು ಜನವರಿಯಿಂದ ಏಪ್ರಿಲ್‌ನ ಮೊದಲ ವಾರಗಳವರೆಗೆ. ಪಾಳಿ ಸಾಮಾನ್ಯವಾಗಿ 12 ಗಂಟೆ. ವಾಂತಿಯ ಮಾತ್ರೆಯನ್ನು ಬಂದರಿನಲ್ಲೇ ನುಂಗಬೇಕು, ಹೊಟ್ಟೆ ತೊಳಸಿದ ಮೇಲೆ ನುಂಗಿ ಫಲವಿಲ್ಲ. ಸೊಪ್ಪು ಮೊದಲ ವಾರಕ್ಕೇ ಮುಗಿಯುತ್ತದೆ, ಆಮೇಲೆ ಕೋಸು, ಆಲೂಗಡ್ಡೆ, ಈರುಳ್ಳಿ. ಲ್ಯಾಬಿನಲ್ಲಿ ಕಟ್ಟದೆ ಇಟ್ಟ ವಸ್ತು ರಾತ್ರಿ ನೆಲದ ಮೇಲಿರುತ್ತದೆ.

ತೆಗೆಯುವ ದಿನ ಬೆಳಕು ಹರಿಯುವಾಗಲೇ ಶುರುಮಾಡುವುದು ಒಳ್ಳೆಯದು. ಪಕ್ಕದಿಂದ ನೀರಿಗೆ ಶಬ್ದ ಕಳಿಸಿ ಕೇಳುವ ಟ್ರಾನ್ಸ್‌ಡ್ಯೂಸರ್ ಇಳಿಸಿ, ಹಡಗನ್ನು ಅಕ್ಕಪಕ್ಕ ತಳ್ಳುವ ಥ್ರಸ್ಟರ್‌ಗಳನ್ನು ನಿಲ್ಲಿಸಲು ಕೇಳಬೇಕು. ಚೆನ್ನೈ ಸಂಸ್ಥೆಯ ಸಾಗರ ನಿಧಿಯಂಥ ಹಡಗು ಥ್ರಸ್ಟರ್ ಬಳಸಿ ಒಂದೇ ಜಾಗದಲ್ಲಿ ನಿಲ್ಲಬಲ್ಲದು, ಆದರೆ ಅದರ ಸದ್ದಿನಲ್ಲಿ ತಳದ ಉತ್ತರ ಕೇಳಿಸುವುದಿಲ್ಲ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ಕರೆದು 4 ಸೆಕೆಂಡಿಗೆ ಉತ್ತರ ಬಂದರೆ ಅದು 3,000 ಮೀಟರ್ ದೂರದಲ್ಲಿದೆ. ಬಿಚ್ಚುವ ಸಂಕೇತ ಕಳಿಸಿದ ಮೇಲೆ ಎಲ್ಲರ ಕಣ್ಣು ಆ ಸಂಖ್ಯೆಯ ಮೇಲೆ: 3,000, 3,000, 2,960, 2,910. ಇಳಿಯತೊಡಗಿದರೆ ಎದ್ದಿತು ಎಂದು ಅರ್ಥ. ನಿಮಿಷಕ್ಕೆ 50 ಮೀಟರ್ ಏರಿದರೆ ಮೇಲೆ ಬರಲು ಒಂದು ಗಂಟೆ. ಸೆಕೆಂಡಿಗೆ ಅರ್ಧ ಮೀಟರ್ ಪ್ರವಾಹವಿದ್ದರೆ ಅಷ್ಟರಲ್ಲಿ 1.8 ಕಿಲೋಮೀಟರ್ ಸರಿದಿರುತ್ತದೆ. ಹಡಗಿನಡಿಗೇ ಬಂದು ಬಡಿಯದಂತೆ ಸ್ವಲ್ಪ ದೂರ ನಿಂತು ಕಾಯಬೇಕು. ಕಿತ್ತಳೆ ಬಣ್ಣ, ಬಾವುಟ, ಮಿನುಗುದೀಪ, ರೇಡಿಯೋ ಬೀಕನ್ ಇರುವುದು ಆ ಹುಡುಕಾಟಕ್ಕೆ.

ಸಂಖ್ಯೆ ಇಳಿಯದಿದ್ದರೆ? ಉತ್ತರ ಬರುತ್ತಿದೆ, ಮೇಲೇಳುತ್ತಿಲ್ಲ ಎಂದರೆ ಕೊಕ್ಕೆ ಸಿಕ್ಕಿಕೊಂಡಿರಬಹುದು, ಗೋಳ ಒಡೆದಿರಬಹುದು, ಹೂಳು ಹಿಡಿದಿರಬಹುದು. ಕೊಲ್ಲಿಯ ತಳವೆಲ್ಲ ಗಂಗೆ, ಬ್ರಹ್ಮಪುತ್ರ ತಂದು ಸುರಿದ ಮೆತ್ತನೆಯ ಹೂಳು. ಮತ್ತೆ ಮತ್ತೆ ಸಂಕೇತ ಕಳಿಸಿ ಕಾಯಬೇಕು. ಕೊನೆಯ ಉಪಾಯ, ಕೊಕ್ಕೆಗಳಿರುವ ಉದ್ದ ತಂತಿಯನ್ನು ಅದರ ಸುತ್ತ ಹಾಸಿ ಎಳೆಯುವುದು. ಒಂದು ಪೂರ್ತಿ ದಿನ ಹೋಗುತ್ತದೆ, ಸಿಗುವ ಭರವಸೆಯಿಲ್ಲ.

ಡೆಕ್ಕಿಗೆ ಬಂದ ತಕ್ಷಣ ಮುಟ್ಟಬೇಡಿ. ಆಳದಲ್ಲಿ ನೀರು ನುಗ್ಗಿದ ಗೋಳ ಅಥವಾ ಕೊಳವೆ ಆ ಒತ್ತಡವನ್ನು ಒಳಗೇ ಹಿಡಿದುಕೊಂಡಿರಬಹುದು, ಮುಚ್ಚಳ ಗುಂಡಿನಂತೆ ಹಾರುತ್ತದೆ. ಮುಚ್ಚಳದ ಎದುರು ನಿಲ್ಲದೆ, ಪಕ್ಕದಿಂದ ಸ್ವಲ್ಪಸ್ವಲ್ಪವೇ ಸಡಿಲಿಸಬೇಕು. ಎಲ್ಲ ಸರಿಯಿದ್ದರೆ ಸಿಹಿನೀರಿನಿಂದ ತೊಳೆದು, ವಿದ್ಯುತ್ ಆರಿಸುವ ಮೊದಲು ಗಡಿಯಾರವನ್ನು ಜಿಪಿಎಸ್ ಜೊತೆ ಹೋಲಿಸಿ ವ್ಯತ್ಯಾಸ ಬರೆದುಕೊಳ್ಳಿ. 15 ಸೆಕೆಂಡಿಗೊಂದು ಅಳತೆ ಎಂದರೆ ವರ್ಷಕ್ಕೆ 21 ಲಕ್ಷ. ಗಡಿಯಾರ ಎಷ್ಟು ಓಡಿದೆ ಎಂದು ತಿಳಿಯದಿದ್ದರೆ ಅವುಗಳ ಸಮಯವನ್ನು ನಂಬುವಂತಿಲ್ಲ.

ಮೇಲಿನ ಬೋಯ್‌ನ ಕಷ್ಟ ಬೇರೆ ತರಹದ್ದು. ತೇಲುವ ವಸ್ತುವಿನ ನೆರಳಿಗೆ ಮೀನು ಸೇರುತ್ತದೆ. ತೆಂಗಿನ ಗರಿ ಕಟ್ಟಿ ಮೀನು ಸೇರಿಸುವ ನಮ್ಮ ಕರಾವಳಿಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ದೋಣಿಗಳು ಬೋಯ್‌ಗೇ ಹಗ್ಗ ಕಟ್ಟಿ ಮೀನು ಹಿಡಿಯುತ್ತವೆ, ಆಂಟೆನಾ ಮುರಿಯುತ್ತದೆ, ಲಂಗರಿನ ಹಗ್ಗ ಸವೆಯುತ್ತದೆ. ಆಗ ತಳದ ಯಂತ್ರ ಸರಿಯಿದ್ದರೂ ಎಚ್ಚರಿಕೆ ದಡ ಮುಟ್ಟುವುದಿಲ್ಲ, ಅದೂ ಆ ದೋಣಿಯವರ ಮನೆಗಳಿರುವ ದಡವನ್ನೇ.

ಕೊನೆಯದಾಗಿ, ರಿಲೀಸಿನ ಸಂಕೇತ ಸಂಖ್ಯೆ. ಪ್ರತಿ ಯಂತ್ರಕ್ಕೂ ಅದರದೇ ಸಂಖ್ಯೆ ಇರುತ್ತದೆ, ಮುಂದಿನ ವರ್ಷ ತೆಗೆಯಲು ಬರುವವರು ಬೇರೆ ಜನ ಆಗಿರಬಹುದು. ಇಳಿಸುವ ಮೊದಲು ಅದರ ಲೇಬಲಿನ ಫೋಟೋ ತೆಗೆದು, ಲಾಗ್ ಪುಸ್ತಕದಲ್ಲಿ ಕೈಯಾರೆ ಬರೆದು, ಒಂದು ಪ್ರತಿ ಹಡಗಿನಲ್ಲಿ, ಇನ್ನೊಂದು ದಡದ ಕಚೇರಿಯಲ್ಲಿ ಇಡಿ.